ಹೇಳಿಕೆ ಅಮ್ಮನ ಊರು

ಹೇಳಿಕೆ ಅಮ್ಮನ ಹಿಮ್ಮಡಿ ನೋಡಿದರೆ ಸಾಕು, ಆಕೆ ಊರಿನ ಯಾವ ಓಣಿಯಿಂದ ಬರುತ್ತಿದ್ದಾಳೆ ಎಂದು ಹೇಳಬಹುದಿತ್ತು. ಕೆಂಪಗಿದ್ದರೆ ಲಾರಿಯವರ ಓಣಿ. ಸಂಡೂರಿನ ಗಣಿಗೆ ಹೋಗಿ ಬಂದ ಲಾರಿಗಳನ್ನು ಡ್ರೈವರ್‌ಗಳು ಮನೆಯ ಮುಂದೆಯೇ ತಂದು ನಿಲ್ಲಿಸುತ್ತಿದ್ದರಿಂದ ಅಲ್ಲಿಯ ನೆಲ, ಗೋಡೆ, ಕೊನೆಗೆ ಬಿಳಿ ನಾಯಿಗಳೂ ಕೆಂಪು. ಬೂದಿ ಬಣ್ಣವಿದ್ದರೆ ರೈಸ್‌ಮಿಲ್ಲಿನ ಹಿಂದಿನ ಓಣಿ, ಹೊಟ್ಟು ಸುಟ್ಟ ಬೂದಿ ಹಾರಿ ಬೀಳುವ ಜಾಗ. ಕರ್ರಗೆ ಅಂಟಿಕೊಂಡಿದ್ದರೆ ಗದ್ದೆಯ ಕಡೆಯ ಮನೆಗಳು. ಬಿರುಕು ಬಿಟ್ಟ ಆ ಕಾಲುಗಳಲ್ಲಿ ಚಪ್ಪಲಿ ಇದ್ದದ್ದನ್ನು ನಾನಂತೂ ನೋಡಿಲ್ಲ. “ಮನಿಮನಿಗೂ ಬಿಚ್ಚೋದು, ಮೆಟ್ಟೋದು, ಬಿಚ್ಚೋದು, ಮೆಟ್ಟೋದು. ಇದ್ರಾಗ ಹೊತ್ತು ಹೋಗತೈತಿ. ಅದಕ್ಕ ಬಿಟ್ಟೇ ಬಿಟ್ಟೆ,” ಎನ್ನುತ್ತಿದ್ದಳು.

ನಮ್ಮದು ಕಂಪ್ಲಿಗೂ ಹೊಸಪೇಟೆಗೂ ನಡುವೆ ಇರುವ, ಹಳ್ಳಿ ಎಂದರೆ ಸಿಟ್ಟಾಗುವ, ಪಟ್ಟಣ ಎಂದರೆ ತಾನೇ ನಾಚಿಕೊಳ್ಳುವ ಊರು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಬಂಡೆಗಲ್ಲಿನ ಗುಡ್ಡ, ನಡುವೆ ಭತ್ತ, ಬಾಳೆ, ಕಬ್ಬು. ಊರನ್ನು ಎರಡು ಮಾಡಿಕೊಂಡು ಹರಿಯುವ ಒಂದು ಕಾಲುವೆ. ಬಸ್‌ಸ್ಟ್ಯಾಂಡಿನ ಹತ್ತಿರ ಊರಿನ ಹೆಸರು, ಜನಸಂಖ್ಯೆ ಬರೆದ ಬೋರ್ಡೊಂದಿದೆ. ಜನಸಂಖ್ಯೆ ಇದ್ದ ಜಾಗದ ಬಣ್ಣ ಉದುರಿ ಬಹಳ ಕಾಲವಾಯಿತು. ಯಾರೂ ತಲೆಕೆಡಿಸಿಕೊಂಡಿಲ್ಲ. ಊರಲ್ಲಿ ಯಾರು ಯಾರಿದ್ದಾರೆ ಎಂಬುದು ಹೇಳಿಕೆ ಅಮ್ಮನಿಗೆ ಗೊತ್ತಿದ್ದರೆ ಮುಗಿಯಿತು.

ಆಕೆಯ ಕೆಲಸವೇ ಅದು. ನಮ್ಮ ಊರಲ್ಲಿ ಮದುವೆಗೆ ಕಾರ್ಡು ಹಂಚಿದರೆ ಸಾಲದು. ಈಗ ಮೊಬೈಲಿಗೂ ಕಾರ್ಡು ಬರುತ್ತದೆ, ಅದೂ ಸಾಲದು. ಹಿಂದಿನ ದಿನ ಯಾರಾದರೂ ಮನೆಗೆ ಬಂದು, ಬಾಯಿ ತೆರೆದು, “ನಾಳೆ ಊಟಕ್ಕ ಬರ್ಬೇಕು” ಎನ್ನಬೇಕು. ಇದೇ ಹೇಳಿಕೆ. ಅದಿಲ್ಲದಿದ್ದರೆ, “ಕಾರ್ಡ್ ಕೊಟ್ಟಾರ್ರಿ, ಆದ್ರ ಹೇಳಿಲ್ಲ,” ಎಂದು ಮುಖ ಉಬ್ಬಿಸಿಕೊಂಡು ಮನೆಯಲ್ಲೇ ಕೂಡುವ ಜನ ನಾವು. ಬೀಗರ ಮನೆಗೆ ಮನೆಯವರೇ ಹೋಗುತ್ತಾರೆ. ಉಳಿದ ಊರಿಗೆಲ್ಲ ಹೇಳಿಕೆ ಅಮ್ಮನೇ. ಕೂಲಿಗೆ ಬದಲು ಅಕ್ಕಿ, ಒಂದು ಕುಪ್ಪಸದ ಬಟ್ಟೆ. ಗಂಡ ತೀರಿಕೊಂಡ ಮೇಲೆ ಇದರಲ್ಲೇ ಮಗಳನ್ನು ಬೆಳೆಸಿ, ಯಶವಂತನಗರದ ಗಣಿ ಕಂಪನಿಯ ಬಸ್ ಡ್ರೈವರ್‌ಗೆ ಕೊಟ್ಟು ಮದುವೆ ಮಾಡಿದ್ದಳು. ಹಣೆಗೆ ವಿಭೂತಿ, ಬಾಯಲ್ಲಿ ಎಲೆ ಅಡಿಕೆ, ದನಿ ಮಾತ್ರ ಮಿಲ್ಲಿನ ಸೈರನ್ನು.

ಆಕೆಗೆ ಆಕೆಯದೇ ಕಾನೂನುಗಳಿದ್ದವು. ದೊಡ್ಡ ಮನೆಯಿಂದ ಹೇಳಿಕೆ ಶುರು ಮಾಡುತ್ತಿರಲಿಲ್ಲ. “ದೊಡ್ಡ ಮನಿ ಯಾರು ಮರೀತಾರ? ಮರಿಯೋ ಮನಿಯಿಂದ ಸುರು ಮಾಡ್ಬೇಕು.” ಬೀದಿಯಲ್ಲಿ ನಿಂತು ಕೂಗುವಂತಿಲ್ಲ, ಮೆಟ್ಟಿಲು ಹತ್ತಬೇಕು. ಹೇಳಿಕೆ ಯಾರ ಮನೆಯದೋ ಆ ಮನೆಯವರೊಬ್ಬರು ಜೊತೆಗಿರಬೇಕು. ಬಾಗಿಲು ಎಣಿಸಬಾರದು, ಒಲೆ ಎಣಿಸಬೇಕು. ಒಂದೇ ಬಾಗಿಲ ಒಳಗೆ ಬೇರೆಯಾದ ಅಣ್ಣತಮ್ಮಂದಿರಿದ್ದರೆ ಎರಡು ಸಲ ಹೇಳಬೇಕು. ಮತ್ತು ಮನೆಯವರು ಬಾಯಿಬಿಟ್ಟು “ಆತು” ಎನ್ನುವವರೆಗೆ ಮೆಟ್ಟಿಲು ಇಳಿಯಬಾರದು. “ಹೂಂ ಅಂದ್ರ ನಡಿಯಂಗಿಲ್ಲ. ಹೂಂ ಅಂತ ನಿದ್ದಿಗಣ್ಣಾಗೂ ಅಂತಾರ.” ಆಂಧ್ರದ ರೈತರ ಕ್ಯಾಂಪಿನಿಂದ ಬಂದು ಬಾಡಿಗೆಗಿದ್ದ ತೆಲುಗಿನವರನ್ನೂ ಆಕೆ ಬಿಡುತ್ತಿರಲಿಲ್ಲ. ತಪ್ಪದೆ ಬರಬೇಕು ಎನ್ನಲು “ತಪ್ಪಕ ರಾವಾಲಿ” ಎಂದು ಕಲಿತುಕೊಂಡಿದ್ದಳು. ಅಷ್ಟೇ ಬರುತ್ತಿದ್ದದ್ದು, ಅವರು ತಿರುಗಿ ಏನಾದರೂ ಕೇಳಿದರೆ ಅದನ್ನೇ ಇನ್ನಷ್ಟು ಜೋರಾಗಿ ಹೇಳುತ್ತಿದ್ದಳು.

ಇಷ್ಟೆಲ್ಲ ಇದ್ದರೂ ಆಕೆಯ ಹಿಮ್ಮಡಿಗೆ ಕಾಲುವೆಯ ಆಚೆಯ ಮಣ್ಣು ಹತ್ತುತ್ತಿರಲಿಲ್ಲ. ಆಚೆ ಇದ್ದವರು ನಾವು. ಮಿಲ್ಲಿನಲ್ಲಿ ಮೂಟೆ ಹೊರುವವರು, ಕಣದಲ್ಲಿ ಭತ್ತ ಒಣಗಿಸುವವರು, ಗದ್ದೆಗೆ ನಾಟಿಗೆ ಹೋಗುವವರು. ಊರಿನ ಮದುವೆಗಳಲ್ಲಿ ನಮಗೆ ಹೇಳಿಕೆ ಇರಲಿಲ್ಲ. ಊಟ ಮುಗಿದ ಮೇಲೆ ಹಿತ್ತಿಲ ಬಾಗಿಲಿಗೆ ಪಾತ್ರೆ ತೆಗೆದುಕೊಂಡು ಹೋದರೆ ಉಳಿದದ್ದನ್ನು ಹಾಕುತ್ತಿದ್ದರು. ಅಪ್ಪ ಬುದ್ಧನ ದಾರಿ ಹಿಡಿದ ಮೇಲೆ ನಮ್ಮ ಮನೆಯಿಂದ ಪಾತ್ರೆ ಹೋಗುವುದು ನಿಂತಿತು. “ಕರೀಲಾರದ ಮನಿ ಅನ್ನ ಬ್ಯಾಡ,” ಎಂದು ಒಂದೇ ಮಾತು. ಆ ಮಾತಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಊರ ಕಡೆಯ ದಂಡೆಯಿಂದ ತೇಲಿ ಬರುತ್ತಿದ್ದ ಬದನೆಕಾಯಿ ಪಲ್ಯದ ವಾಸನೆಗೆ ಆಗ ಬಾಯಲ್ಲಿ ನೀರೂರುತ್ತಿತ್ತು ಎಂಬುದೂ ಅಷ್ಟೇ ನಿಜ.

ನಾನು ಹೈಸ್ಕೂಲಿನಲ್ಲಿದ್ದಾಗ ಅಕ್ಕನ ಮದುವೆ ಗೊತ್ತಾಯಿತು. ಮನೆಯ ಮುಂದೆಯೇ ಚಪ್ಪರ, ಬುದ್ಧನ ಫೋಟೊದ ಮುಂದೆ ಮದುವೆ. ಅಪ್ಪ ಕಾರ್ಡು ಹೊಡೆಸಿ ತಾನು ಮೂಟೆ ಹೊತ್ತ ಮನೆಗಳಿಗೆಲ್ಲ ಕೊಟ್ಟು ಬಂದ. ಅವ್ವ ಮಾತ್ರ ಒಂದೇ ಹಟ ಹಿಡಿದಳು.

“ಹೇಳಿಕಿ ಅಮ್ಮಗ ಕೇಳೋಣು.”

“ಹುಚ್ಚಿ ಅದಿ ಏನ? ಆಕಿ ಬರಂಗಿಲ್ಲ. ಬಂದ್ರ ನಾಳಿಯಿಂದ ಆಕಿಗೆ ಯಾರೂ ಹೇಳಿಕಿ ಕೊಡಂಗಿಲ್ಲ. ಆಕಿ ಒಲಿ ಆರಿ ಹೋಗತೈತಿ,” ಎಂದ ಅಪ್ಪ.

“ಬ್ಯಾಡ ಅಂದ್ರ ಬ್ಯಾಡ. ಕೇಳಾಕ ಏನು? ನನ್ನ ಮಗಳ ಮದುವಿ ಊರಿಗೆ ಹೇಳದ ಆಗಬಾರದು.”

ಅವ್ವನ ಬೆನ್ನಿಗೆ ನಾನೂ ಹೋದೆ. ಆಕೆಯ ಒಂದು ಕೋಣೆಯ ಮನೆ ಊರ ಹೆಬ್ಬಾಗಿಲಾದ ಅಗಸೆಯ ಹತ್ತಿರ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಾ ಕುಳಿತಿದ್ದಳು. ನಾವು ಮೆಟ್ಟಿಲ ಕೆಳಗೇ ನಿಂತೆವು. ಅವ್ವ ವಿಷಯ ಹೇಳಿದಳು. ಹೇಳಿಕೆ ಅಮ್ಮ ತಲೆ ಎತ್ತಲಿಲ್ಲ. ಒಂದು ಕಲ್ಲು ತೆಗೆದು ಎಸೆದಳು, ಇನ್ನೊಂದು ತೆಗೆದು ಎಸೆದಳು. ಅವ್ವನ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿದಿತ್ತು. ಆಮೇಲೆ ಆಕೆ ಕೇಳಿದಳು: “ಹುಡುಗ ಯಾವೂರಾಂವ? ಊಟಕ್ಕ ಏನು ಮಾಡಸ್ತೀರಿ? ಎಷ್ಟೊತ್ತಿಗೆ ಎಲಿ ಹಾಕ್ತೀರಿ?”

ಹೇಳಿಕೆಗೆ ಹೊರಡುವ ಮೊದಲು ಆಕೆ ಎಲ್ಲ ಮನೆಯವರನ್ನೂ ಕೇಳುತ್ತಿದ್ದ ಪ್ರಶ್ನೆಗಳು ಅವು. ಅವ್ವನಿಗಿಂತ ಮೊದಲು ನಾನೇ ಉತ್ತರ ಕೊಟ್ಟೆ. ಹೊರಡುವಾಗ ಅವ್ವ ತಿರುಗಿ ನಿಂತು, “ಅಮ್ಮಾ, ನಿಮಗೂ ಹೇಳ್ತೀನ್ರಿ. ನೀವೂ ಊಟಕ್ಕ ಬರ್ಬೇಕು,” ಎಂದಳು.

ಮೊರದ ಮೇಲಿನ ಕೈ ನಿಂತಿತು.

“ನನಗಾ?”

“ಹೌದ್ರಿ.”

“ಈ ಊರಾಗ ನನಗ ಯಾರೂ ಹೇಳಿಲ್ಲ ನೋಡವ್ವ ಇಲ್ಲಿತನಕ,” ಎಂದು ಆಕೆ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇಕಿಗೆ ಗೊತ್ತ ಐತಲ್ಲ, ಇಕಿಗೇನು ಹೇಳೋದು ಅಂತಾರ. ಹೇಳಲಾರದ ನಾನು ಹೆಂಗ ಹೋಗ್ಲಿ? ನಾನೇ ಹಂಗ ಮಾಡಿದ್ರ ನಡೀತೈತೇನು? ಪಾತ್ರ್ಯಾಗ ಹಾಕಿ ಮನಿಗೆ ಕಳಸ್ತಾರ, ತಿಂತೀನಿ.”

ಊರಿಗೆಲ್ಲ ಊಟಕ್ಕೆ ಹೇಳಿದವಳು ಯಾವ ಮದುವೆಯ ಪಂಕ್ತಿಯಲ್ಲೂ ಕುಳಿತಿರಲಿಲ್ಲ. ಆಕೆಗೆ ಹೇಳಬೇಕು ಎಂಬುದು ಊರಿಗೇ ಮರೆತುಹೋಗಿತ್ತು. “ಮತ್ತ, ಬರ್ತೀರೇನ್ರಿ?” ಎಂದು ಅವ್ವ ಕೇಳಿದಳು. ಆಕೆ ಸೆರಗು ಸರಿಮಾಡಿಕೊಂಡು, ದೊಡ್ಡ ಮನೆಯ ಹೆಂಗಸರ ಗತ್ತಿನಲ್ಲಿ ಹೇಳಿದಳು: “ಆತು.”

ಮದುವೆಯ ಹಿಂದಿನ ದಿನ ಮನೆಯ ಕಡೆಯಿಂದ ಜೊತೆಗೆ ಹೋದವಳು ನಾನು. ಲಾರಿಯವರ ಓಣಿ, ಬೂದಿಯ ಓಣಿ, ಗದ್ದೆಯ ಕಡೆ. ಹುಟ್ಟಿ ಬೆಳೆದ ಊರನ್ನು ಅವತ್ತು ಮೊದಲ ಸಲ ಮುಂಬಾಗಿಲಿನಿಂದ ನೋಡಿದೆ. ಕೆಲವರು ನನ್ನನ್ನು ನೋಡಿ, ಆಕೆಯನ್ನು ನೋಡಿ, “ಆತು” ಎಂದರು. ಕೆಲವರು ಬಾಗಿಲು ಮುಂದೆ ಮಾಡಿಕೊಂಡರು. ಮುಚ್ಚಿದ ಬಾಗಿಲಿಗೂ ಆಕೆ ಪೂರ್ತಿ ಹೇಳಿಕೆ ಹೇಳಿಯೇ ಇಳಿದಳು.

ಕೊನೆಗೆ ಮಿಲ್ಲಿನ ಸಾವ್ಕಾರರ ಮನೆ. ಅವ್ವ ದುಡಿಯುತ್ತಿದ್ದದ್ದು ಅವರ ಕಣದಲ್ಲೇ. ನನ್ನ ಕಾಲು ಕೆಳಗೇ ನಿಂತುಬಿಟ್ಟಿತು. ಹೇಳಿಕೆ ಅಮ್ಮ ಮೇಲಿನಿಂದ ತಿರುಗಿ ನೋಡಿದಳು. “ಹತ್ತು ಮಗಳ. ಕೆಳಗ ನಿಂತು ಹೇಳಿದ್ರ ಅದು ಹೇಳಿಕಿ ಅಲ್ಲ, ಭಿಕ್ಷಾ.” ಹತ್ತಿದೆ.

ಸಾವ್ಕಾರರ ಸೊಸೆ ಹೊರಗೆ ಬಂದರು. “ಏನಮ್ಮಾ, ಇವರ ಹೇಳಿಕಿನೂ ಹಿಡದ್ಯಾ?”

“ಹಿಡದೀನ್ರಿ. ಕಾಲುವಿ ಆಚೆ ಮದುವಿ ಐತಿ. ನಾಳೆ ಮಧ್ಯಾಹ್ನ ಮನಿಮಂದಿ ಎಲ್ಲಾ ಊಟಕ್ಕ ಬರ್ಬೇಕ್ರಿ.”

ಸೊಸೆ ಉತ್ತರ ಕೊಡದೆ ನಿಂತರು. ಹೇಳಿಕೆ ಅಮ್ಮನೂ ನಿಂತಳು. ಬಿಸಿಲಿಗೆ ಮೆಟ್ಟಿಲ ಕಲ್ಲು ಕಾದಿತ್ತು, ನಾನು ಕಾಲು ಬದಲಿಸುತ್ತಿದ್ದೆ. ಒಳಗಿನಿಂದ ಅವರ ಅತ್ತೆಯ ದನಿ ಬಂತು: “ಆತು ಅನ್ನವಾ. ಬಿಸಲಾಗ ಎಷ್ಟೊತ್ತು ನಿಲ್ಲಸ್ತಿ?” ಸೊಸೆ ಅಂದರು. ತುಟಿ ಅಲುಗಿತೋ ಇಲ್ಲವೋ ಎಂಬಷ್ಟು.

ಮದುವೆಗೆ ಊರು ಕಿತ್ತುಕೊಂಡು ಬಂತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಲಾರಿಯವರ ಓಣಿಯಿಂದ ಕೆಲವರು, ತೆಲುಗಿನವರ ಒಂದು ಸಂಸಾರ, ಶಾಲೆಯ ಮೇಷ್ಟ್ರು, ಅಷ್ಟೇ. ಸಾವ್ಕಾರರ ಮನೆಯಿಂದ ಯಾರೂ ಬರಲಿಲ್ಲ. ಆದರೆ ಎಲೆ ಹಾಕುವ ಹೊತ್ತಿಗೆ ಹೇಳಿಕೆ ಅಮ್ಮ ಮಡಿಕೆ ಮುರಿಯದ ಸೀರೆ ಉಟ್ಟು ಕಾಲುವೆಯ ಬ್ರಿಜ್ಜು ದಾಟಿ ಬಂದಳು. ಮೊದಲ ಪಂಕ್ತಿಯಲ್ಲಿ ಕುಳಿತಳು. ಅವ್ವ ಎದುರಿಗೆ ನಿಂತು ತಾನೇ ಬಡಿಸಿದಳು. ಆಕೆ ಒಂದು ತುತ್ತು ಬಾಯಿಗಿಟ್ಟು, ನಾಲಿಗೆ ಚಪ್ಪರಿಸಿ, “ಸಾರಿಗೆ ಉಪ್ಪು ಕಮ್ಮಿ ಆಗೇತಿ ನೋಡ ತಂಗಿ,” ಎಂದಳು. ಅವ್ವನಿಗೆ ಅವತ್ತು ಅದಕ್ಕಿಂತ ದೊಡ್ಡ ಉಡುಗೊರೆ ಸಿಗಲಿಲ್ಲ. ಸಾರಿನ ದೋಷ ಹೇಳುವಂಥ ಬೀಗಿತ್ತಿಯೊಬ್ಬಳು ಊರಿನಿಂದ ಬಂದಿದ್ದಳಲ್ಲ!

ಅಪ್ಪ ಹೆದರಿದ್ದು ಸುಳ್ಳಾಗಲಿಲ್ಲ. ಸಾವ್ಕಾರರ ಮನೆಯಲ್ಲಿ ಮತ್ತೊಂದು ಮದುವೆ ಬಂದಾಗ ಅವರು, “ಮೊದಲಿನಂಗ ಆಚೆ ಕಡೆ ಬಿಟ್ಟು ಹೇಳು,” ಎಂದರಂತೆ. “ಹಂಗಂದ್ರ ಬ್ಯಾರೆ ಕಾಲು ಹುಡುಕ್ರಿ,” ಎಂದು ಈಕೆ ಎದ್ದು ಬಂದಳಂತೆ. ಅವರು ಬೇರೆ ಹೆಂಗಸನ್ನು ಹಿಡಿದರು, ಊರೂ ಅದೇ ದಾರಿ ಹಿಡಿಯಿತು. ಆ ಪುಣ್ಯಾತ್ಗಿತ್ತಿ ಬಾಗಿಲು ಎಣಿಸಿದಳು, ಒಲೆ ಎಣಿಸಲಿಲ್ಲ. ಒಂದೇ ಅಂಗಳದಲ್ಲಿ ಬೇರೆಯಾಗಿದ್ದ ಸಾವ್ಕಾರರ ದಾಯಾದಿಗಳಲ್ಲಿ ತಮ್ಮನಿಗೆ ಹೇಳಿ ಅಣ್ಣನನ್ನು ಬಿಟ್ಟಳು. ಅಣ್ಣನ ಕಡೆಯವರು ಮದುವೆಗೂ ಬರಲಿಲ್ಲ, ಆಮೇಲೆ ಆ ಮನೆಯಲ್ಲೊಂದು ಸಾವಾಗುವವರೆಗೂ ಮಾತಾಡಲಿಲ್ಲ. ಅಷ್ಟಾದ ಮೇಲೆ ಆ ಸೊಸೆಯ ಅತ್ತೆ, ಮುದುಕಿ ಸಾವ್ಕಾರ್ತಿಯೇ ಅಗಸೆಯ ಹತ್ತಿರ ಬಂದು, “ಎಲ್ಲಾ ಕಡೆ ಹೇಳವಾ,” ಎಂದು ಕರೆದುಕೊಂಡು ಹೋದರು. ನಡುವಿನ ಆ ವರ್ಷಗಳಲ್ಲಿ ಹೇಳಿಕೆ ಅಮ್ಮ ನಮ್ಮವರ ಜೊತೆ ಭತ್ತದ ನಾಟಿಗೆ ಹೋದಳು. ಒಂದು ದಿನವೂ ನಮ್ಮಿಂದ ಹೀಗಾಯಿತು ಎಂದು ಅನ್ನಲಿಲ್ಲ. ನಾಟಿ ಮಾತ್ರ ಸೊಟ್ಟಗೆ ಹಾಕುತ್ತಿದ್ದಳು, ಅವ್ವ ಹಿಂದಿನಿಂದ ನೆಟ್ಟಗೆ ಮಾಡಿಕೊಂಡು ಬರುತ್ತಿದ್ದಳು.

ನಾನೀಗ ಹೊಸಪೇಟೆಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ನಿಮ್ಮ ಊರಿನ ಭೂಗೋಳ ಮತ್ತು ಜನಸಂಖ್ಯೆ ಬರೆದು ತನ್ನಿ ಎಂದರೆ ಮಕ್ಕಳು ಮೊಬೈಲ್ ನೋಡಿ ಬರೆದು ತರುತ್ತಾರೆ. ತಪ್ಪೇನಿಲ್ಲ, ಅಂಕ ಕೊಡುತ್ತೇನೆ. ಕೊಡುವಾಗ ಒಮ್ಮೊಮ್ಮೆ ಆ ಹಿಮ್ಮಡಿಗಳು ನೆನಪಾಗಿ ಪೆನ್ನು ನಿಲ್ಲುತ್ತದೆ.

ಹೋದ ಬೇಸಿಗೆಯಲ್ಲಿ ಹೇಳಿಕೆ ಅಮ್ಮ ತೀರಿಕೊಂಡಳು. ಸಾವಿಗೆ ಯಾರೂ ಹೇಳಬೇಕಿಲ್ಲ, ಕೇಳಿದವರು ಹೋಗಬೇಕು. ನಾನು ಬೆಳಗಿನ ಬಸ್ಸಿಗೆ ಹೋದಾಗ ಅಗಸೆಯಿಂದ ಕಾಲುವೆಯವರೆಗೆ ಜನ. ಎರಡೂ ದಂಡೆಯವರು. ಯಾರೋ ಪುಣ್ಯಾತ್ಮರು ಆಕೆಯ ಕಾಲುಗಳನ್ನು ತೊಳೆದು ಒರೆಸಿದ್ದರು. ಯಾವ ಓಣಿಯ ಬಣ್ಣವೂ ಇಲ್ಲದ ಆ ಹಿಮ್ಮಡಿ ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ದಿನದ ಊಟಕ್ಕೆ, ಅಂದರೆ ತಿಥಿಯ ಊಟಕ್ಕೆ, ಮಾತ್ರ ಹೇಳಿಕೆ ಬೇಕು. ಅದರ ಹಿಂದಿನ ದಿನ ನಾನು ಮತ್ತೆ ಹೋದಾಗ, ಯಶವಂತನಗರದಿಂದ ಬಂದಿದ್ದ ಮಗಳು ದಿಕ್ಕು ತೋಚದೆ ಕುಳಿತಿದ್ದಳು. “ಊರಿಗೆಲ್ಲ ಹೇಳಿದಾಕಿ. ಆಕಿ ಊಟಕ್ಕ ಯಾರು ಹೇಳ್ಬೇಕ್ರಿ ಅಕ್ಕಾ?”

“ನಾನು ಹೇಳ್ತೀನಿ, ಏಳು. ಮನಿ ಕಡೆಯಿಂದ ನೀನು ಜೊತಿಗೆ ಬಾ,” ಎಂದೆ. ಚಪ್ಪಲಿ ಆಕೆಯ ಮನೆಯ ಮುಂದೆಯೇ ಬಿಟ್ಟೆ.

ಮರೆಯುವ ಮನೆಗಳಿಂದ ಶುರು ಮಾಡಿದೆ. ಮಿಲ್ಲಿನ ಹಿಂದೆ ಹೊಸದಾಗಿ ಬಂದ ಬಿಹಾರಿ ಹುಡುಗರ ಕೋಣೆ, ಬಂಡೆಯ ಬುಡದ ಶೆಡ್ಡು, ಆಮೇಲೆ ಓಣಿ ಓಣಿ. ಸಾವ್ಕಾರರ ಮನೆಯ ಮೆಟ್ಟಿಲು ಹತ್ತಿದಾಗ ಅದೇ ಸೊಸೆ ಹೊರಗೆ ಬಂದರು. ಈಗ ಅವರ ತಲೆಯೂ ನೆರೆತಿದೆ. ನಾನು ಪೂರ್ತಿ ಹೇಳಿ ಮೆಟ್ಟಿಲು ಇಳಿಯದೆ ನಿಂತೆ. ಅವರು ನನ್ನ ಬರಿಗಾಲು ನೋಡಿದರು. “ಆತು,” ಎಂದರು. ಆಮೇಲೆ, “ಆವತ್ತು ನಿಮ್ಮ ಅಕ್ಕನ ಮದುವಿಗೆ ನಾ ಬರ್ಲಿಲ್ಲ. ಇದಕ್ಕ ಬರ್ತೀನಿ,” ಎಂದರು. ಬಂದರು ಕೂಡ.

ಊರು ಮುಗಿಸಿ ಅಗಸೆಗೆ ವಾಪಸ್ಸಾದಾಗ ಹೊತ್ತು ಇಳಿದಿತ್ತು. ಹೇಳಿಕೆ ಅಮ್ಮನ ಮೆಟ್ಟಿಲ ಮೇಲೆ ಕುಳಿತು ಕಾಲು ಚಾಚಿದೆ. ಕೆಂಪು, ಬೂದಿ, ಕಪ್ಪು, ಎಲ್ಲ ಓಣಿಗಳೂ ನನ್ನ ಹಿಮ್ಮಡಿಗೆ ಹತ್ತಿದ್ದವು. ಮಗಳು ಒಳಗಿನಿಂದ ನೀರು ತಂದು ಕೊಟ್ಟಳು. ಕೊಟ್ಟವಳು ಒಳಗೆ ಹೋಗದೆ, ಸೆರಗು ಸರಿಮಾಡಿಕೊಂಡು ನನ್ನ ಎದುರಿಗೆ ಬಂದು ನಿಂತಳು.

“ಹೇಳಾಕ ಹೋದಾಕಿಗೆ ಹೇಳೋದು ಮರೀಬ್ಯಾಡ ಅಂತ ಅವ್ವ ಭಾಳ ಸಲ ಹೇಳಿದ್ಲು,” ಎಂದಳು. “ಅಕ್ಕಾ, ನಮ್ಮ ಅವ್ವನ ದಿನ ಐತಿ. ನೀವೂ ಊಟಕ್ಕ ಬರ್ಬೇಕ್ರಿ.”

ನಾನು ನೀರಿನ ಚೊಂಬು ಕೆಳಗಿಟ್ಟು ಎದ್ದು ನಿಂತೆ.

“ಆತು,” ಎಂದೆ.