ಅಕ್ಕ ಉಳಿಸಿದ ಹೊತ್ತು

ಅಕ್ಕನ ಎಡ ಹೆಗಲ ಮೇಲೆ ಯಾವಾಗಲೂ ಒಂದು ಒರೆಸುವ ಬಟ್ಟೆ ಇರುತ್ತಿತ್ತು. ಹಳೆಯ ಪಂಚೆಯಿಂದ ಹರಿದ ತುಂಡು. ಒಗೆದು ಒಗೆದು ಅಂಚು ಜಾಳಾಗಿ, ಬೆಳಗಿನ ಮಂಜಿನ ಬಣ್ಣಕ್ಕೆ ತಿರುಗಿತ್ತು. ಮಾತಾಡುತ್ತಲೇ ಅದನ್ನು ಎಳೆದು ಪಾತ್ರೆಯ ತಳ ಒರೆಸುವಳು. ಮಾತು ಮುಗಿಯುವುದರೊಳಗೆ ಪಾತ್ರೆ ಗೂಡು ಸೇರಿರುತ್ತಿತ್ತು, ಬಟ್ಟೆ ಹೆಗಲಿಗೆ ಮರಳಿರುತ್ತಿತ್ತು. ಗಡಿಬಿಡಿ ಇಲ್ಲ, ಸದ್ದಿಲ್ಲ. ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಹಾಗೆ ಕೆಲಸ ಮಾಡುತ್ತಿದ್ದಳು.

ನಾವು ಆಲೂರು ಕಡೆಯವರು. ಯಸಳೂರಿನ ಹತ್ತಿರ ಒಂದೇ ಮನೆಯ ಅಣ್ಣತಮ್ಮಂದಿರಿಗೆ ನಮ್ಮಿಬ್ಬರನ್ನೂ ಕೊಟ್ಟರು. ಅಕ್ಕ ಮೊದಲು ಬಂದಳು, ಕೆಲವು ವರ್ಷ ಬಿಟ್ಟು ನಾನು. ಆಮೇಲೆ ಮನೆ ಪಾಲಾಗಿ ನಡುವೆ ಒಂದು ಗೋಡೆ ಎದ್ದಿತು. ಅಂಗಳ ಮಾತ್ರ ಒಂದೇ ಉಳಿಯಿತು. ಅವಳು ನನಗೆ ಅಕ್ಕನೂ ಹೌದು, ವಾರಗಿತ್ತಿಯೂ ಹೌದು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆದು ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ. ಅವಳಿಂದ ನಾನು ತೆಗೆದುಕೊಂಡದ್ದನ್ನು ಅವಳಿಗೆ ಇನ್ನು ಕೊಡಲಾಗುವುದಿಲ್ಲ. ತೆಗೆದುಕೊಂಡೆ ಎಂದಾದರೂ ಹೇಳಿಬಿಡಬೇಕು.

ಅಕ್ಕನ ಮನೆಯಲ್ಲಿ ಪ್ರತಿ ಸಾಮಾನಿಗೂ ಒಂದು ಮನೆ ಇತ್ತು. "ಕತ್ರಿ ಎಲ್ಲಕ್ಕ?" ಎಂದರೆ "ಅದ್ರ ಮನೇಲಿ ಐತೆ" ಎನ್ನುವಳು. ಒಯ್ದವರು ವಾಪಸು ಕೊಡುವಾಗ ಅವಳ ಕೈಗೆ ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ. "ನನ್ ಕೈಗ್ಯಾಕೆ? ಅದ್ರ ಮನೆಗೆ ಬುಟ್ಟು ಬಾ." ಕರೆಂಟು ಹೋದರೆ ಅವಳು ಕೈ ಚಾಚಿದಲ್ಲಿ ಟಾರ್ಚು ಇರುತ್ತಿತ್ತು. ನಮ್ಮ ಮನೆಯಲ್ಲಿ ಟಾರ್ಚು ಹುಡುಕಲು ಇನ್ನೊಂದು ಟಾರ್ಚು ಬೇಕಾಗುತ್ತಿತ್ತು.

ಸಾಸಿವೆಯೋ ಬೆಲ್ಲವೋ ತಳ ಕಾಣತೊಡಗಿದರೆ ಆ ಡಬ್ಬಿಯನ್ನು ಸಾಲಿನಿಂದ ಸ್ವಲ್ಪ ಮುಂದಕ್ಕೆ ಇಡುವಳು. ಬಾವ ಯಸಳೂರಿಗೆ ಹೊರಡುವ ಮುಂಚೆ ಗೂಡಿನ ಎದುರು ನಿಂತು, "ಇವತ್ತು ಯಾರ್ಯಾರು ಹೊರ್ಗೆ ಬಂದವ್ರಪ್ಪ?" ಎಂದು ಡಬ್ಬಿಗಳನ್ನೇ ಮಾತಾಡಿಸಿ, ನೋಡಿಕೊಂಡು ಹೋಗುವರು. ಏನು ತರಬೇಕೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ, ಎರಡು ಸಲ ಹೋಗಿಬರುವ ಪ್ರಮೇಯವೂ ಇರಲಿಲ್ಲ.

ನಾಳಿನ ಬೆಳಗಿನ ಕೆಲಸವನ್ನು ಇವತ್ತು ಸಂಜೆಯೇ ಅರ್ಧ ಮಾಡಿಬಿಡುತ್ತಿದ್ದಳು. ಹಂಡೆಯ ಒಲೆಗೆ ಒಣ ಸೌದೆ ಪುರುಲೆ ಜೋಡಿಸಿಟ್ಟರೆ ಬೆಳಿಗ್ಗೆ ಕಡ್ಡಿ ಗೀರುವುದಷ್ಟೇ. ಬೆಳ್ಳುಳ್ಳಿ ಬಿಡಿಸಿರುತ್ತಿತ್ತು, ಕಾಯಿ ತುರಿದಿರುತ್ತಿತ್ತು. ಒಬ್ಬೊಬ್ಬರ ಬಟ್ಟೆ ಒಂದೊಂದು ಸುರುಳಿ. ಅಂಗಿಯ ಒಳಗೆ ಬನಿಯನ್ನು, ಬನಿಯನ್ನಿನ ಒಳಗೆ ಕರವಸ್ತ್ರ. ಮಳೆಗಾಲದಲ್ಲಿ ಬೂಟಿನೊಳಗೆ ಜಿಗಣೆಗೆ ಉಪ್ಪಿನ ಗಂಟು ಇಟ್ಟಿರುವಳು. ಎದ್ದು ಹೋಗುವವರನ್ನು ಬರಿಗೈಯಲ್ಲಿ ಬಿಡುತ್ತಿರಲಿಲ್ಲ. "ಹೆಂಗೂ ಒಳಿಕ್ಕೆ ಹೋಗ್ತಿದೀಯ, ಆ ಲೋಟನೂ ಕರ್ಕೊಂಡೋಗು ಮಾರಾಯ್ತಿ."

ಇಷ್ಟೆಲ್ಲ ಯಾಕೆ ಎಂಬುದು ನನಗೆ ಬಹಳ ದಿನ ತಿಳಿಯಲಿಲ್ಲ. ಬಾವ ಲಾರಿ ಕೆಲಸಕ್ಕೆ ಬೇಗ ಹೋಗುವವರು. ಅವರ ಮಗ ದೊಡ್ಡವನಾಗಿ ಸಕಲೇಶಪುರದ ಗ್ಯಾರೇಜು ಸೇರಿ ಅಲ್ಲೇ ಉಳಿದಿದ್ದ. ಅಕ್ಕ ಪಕ್ಕದ ಎಸ್ಟೇಟಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಆಳುಗಳ ಲೆಕ್ಕ ಬರೆಯುವ ರೈಟರ್ ಹಾಜರಿ ಕರೆಯುವ ಮೊದಲು ಅಲ್ಲಿರಬೇಕು. ಅಡುಗೆ, ಸ್ನಾನ, ಬುತ್ತಿ ಎಲ್ಲ ಮುಗಿದು, ಹೊರಡುವುದಕ್ಕೆ ಇನ್ನೂ ಒಂದಿಷ್ಟು ಹೊತ್ತು ಉಳಿಯುತ್ತಿತ್ತು. ಆಗ ಅವಳು ಅಂಗಳದ ತುದಿಯ ಕಲ್ಲುಚಪ್ಪಡಿಯ ಮೇಲೆ ಹೋಗಿ ಕೂರುವಳು. ಕೈಯಲ್ಲಿ ಹೂ ಕಟ್ಟುವ ದಾರವಿಲ್ಲ, ಸೊಪ್ಪು ಸೋಸುವ ಮೊರವಿಲ್ಲ, ಫೋನೂ ಇಲ್ಲ. ಕೆಳಗಿನ ಕಣಿವೆ ತುಂಬ ಮಂಜು ನಿಂತಿರುತ್ತಿತ್ತು. ಸಿಲ್ವರ್ ಓಕ್ ಮರಗಳ ತಲೆಗಳು ಮಾತ್ರ ಅಲ್ಲಲ್ಲಿ ತೇಲುವವು. ಎಲ್ಲೋ ಒಳಗಿನಿಂದ ಒಂದು ಹಕ್ಕಿ ಕೂಗಿದರೆ, ಮಂಜೇ ಕೂಗಿತೇನೋ ಅನ್ನಿಸುವುದು. ಅಕ್ಕ ಕೂತಲ್ಲೇ ಕರಗುತ್ತಿದ್ದಾಳೆ ಎಂದು ನನಗೆ ಒಂದೊಂದು ಸಲ ಭ್ರಮೆಯಾಗುತ್ತಿತ್ತು.

ಒಂದು ದಿನ ಕೇಳಿದೆ. "ಏನ್ ನೋಡ್ತಿದೀಯಕ್ಕ?"

"ಮಂಜು ಎದ್ಮೇಲೆ ಯಾವ ಮರ ಮೊದ್ಲು ಕಾಣ್ತದೆ ಅಂತ."

"ನೋಡಿದ್ರೆ ಏನ್ ಸಿಗ್ತದೆ?"

"ಏನೂ ಇಲ್ಲ ಕಣೇ." ಅವಳು ನಕ್ಕಳು. "ನೆನ್ನೆ ಸಂಜೆ ಬೆಳ್ಳುಳ್ಳಿ ಬಿಡಿಸಿಟ್ಟಿದ್ನಲ್ಲ, ಆ ಹೊತ್ತು ಇದು. ನಂದು."

ಅವಳು ದುಡಿದು ಉಳಿಸಿಕೊಂಡ ಆಸ್ತಿ ಅದೊಂದೇ. ಅದಕ್ಕೇ ನಾನು ಕೈ ಹಾಕಿದೆ.

ಶುರುವಾದದ್ದು ನನ್ನ ಮಗಳ ಜಡೆಯಿಂದ. ಆಗ ಅವಳು ಇನ್ನೂ ಚಿಕ್ಕ ಕ್ಲಾಸು. ಬೆಳಿಗ್ಗೆ ಶಾಲೆಯ ವ್ಯಾನು ತಿರುವಿನಲ್ಲಿ ಹಾರನ್ನು ಹೊಡೆಯುವಾಗ ನಮ್ಮ ಮನೆ ರಣರಂಗ. "ಅಕ್ಕ, ಪುಟ್ಟಿಗೊಂದು ಜಡೆ ಹಾಕ್ಬುಡು. ಹೆಂಗೂ ಸುಮ್ನೆ ಕೂತಿದೀಯಲ್ಲ" ಎಂದು ಮಗುವನ್ನು ಅಂಗಳಕ್ಕೆ ದಬ್ಬಿದೆ. ಅಕ್ಕ ಮಂಜಿನಿಂದ ಕಣ್ಣು ಕಿತ್ತು, ಮಗುವನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡಳು. ಮಾರನೆಯ ದಿನ ಜಡೆಯ ಜೊತೆ ಬುತ್ತಿಯೂ ಅವಳ ಪಾಲಿಗೆ ಹೋಯಿತು. ಆಮೇಲೆ ನಮ್ಮ ಹಸುವಿನ ಹಾಲನ್ನು ಡೈರಿಗೆ ಮುಟ್ಟಿಸುವುದು, ದೋಸೆಗೆ ಅಕ್ಕಿ ನೆನೆಹಾಕುವುದು, ನನ್ನ ಗಂಡನ ಅಂಗಿಯ ಗುಂಡಿ. ಒಂದೊಂದೂ ಚಿಕ್ಕದು. ಒಂದಕ್ಕೂ ಅವಳು ಇಲ್ಲ ಎನ್ನಲಿಲ್ಲ. ನನ್ನ ಕೆಲಸಗಳಿಗೂ ಅವಳ ಬೆಳಗಿನಲ್ಲಿ ಒಂದೊಂದು ಮನೆ ಮಾಡಿಕೊಟ್ಟಳು. ಕಡೆಗೆ ಚಪ್ಪಡಿಕಲ್ಲು ಖಾಲಿಯಾಯಿತು.

ನಾನು ಹೊರಗೆ ದುಡಿಯಲು ಹೋಗುತ್ತಿದ್ದವಳಲ್ಲ. ಎಸ್ಟೇಟಿಗೆ ಹೋಗುತ್ತಿದ್ದವಳು ಅವಳು. ಆದರೆ ಕೇಳಿದವರಿಗೆಲ್ಲ, "ನಮ್ಮಕ್ಕಂಗೇನ್ರೀ, ಬೇಜಾನ್ ಹೊತ್ತೈತೆ" ಎನ್ನುತ್ತಿದ್ದೆ. ಆ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಹಾಸಿಗೆಯಲ್ಲಿ ಬಿದ್ದುಕೊಂಡು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದೆ. ಅಡುಗೆಮನೆಯನ್ನು ಅಚ್ಚುಕಟ್ಟಾಗಿ ಇಡುವುದು ಹೇಗೆ, ಸಮಯ ಉಳಿಸುವುದು ಹೇಗೆ ಎಂಬ ವಿಡಿಯೋಗಳು. ಒಂದು ಸಲ ಅಕ್ಕನಿಗೂ ತೋರಿಸಿದೆ. ಗಾಜಿನ ಡಬ್ಬಿಗಳ ಉದ್ದ ಸಾಲನ್ನು ಅವಳು ಕಣ್ಣರಳಿಸಿ ನೋಡಿ, "ಪಾಪ, ಈವಮ್ಮಂಗೆ ತಂಗಿ ಇಲ್ಲ ಅಂತ ಕಾಣ್ತದೆ" ಎಂದಳು. ಇಬ್ಬರೂ ನಕ್ಕೆವು. ತಮಾಷೆ ಎಂದೇ ಅಂದುಕೊಂಡೆ.

ಆ ವರ್ಷ ಹೂಮಳೆ ಚೆನ್ನಾಗಿ ಬಿತ್ತು. ನಮ್ಮಲ್ಲಿ ಬೇಸಿಗೆಯ ಮೊದಲ ಮಳೆ ಬಿದ್ದು ಒಂದು ವಾರ ಕಳೆದರೆ ಕಾಫಿಗಿಡಗಳೆಲ್ಲ ಒಟ್ಟಿಗೆ ಹೂ ಬಿಡುತ್ತವೆ. ಎರಡು ಮೂರು ದಿನದ ಸಂಭ್ರಮ, ಆಮೇಲೆ ಕಂದಿಹೋಗುತ್ತದೆ. ಹೂವಿಗೆ ಮೈ ತಾಗಿದರೆ ಕಾಯಿ ಕಟ್ಟುವುದಿಲ್ಲವೆಂದು ಆಗ ತೋಟದೊಳಕ್ಕೆ ಆಳು ಇಳಿಸುವುದಿಲ್ಲ. ಅಕ್ಕನಿಗೆ ರಜೆ. ರಜೆಯ ಹಿಂದಿನ ಸಂಜೆ ಅವಳು ಸುತ್ತಿಗೆ ಹಿಡಿದು ನಮ್ಮ ಮನೆಗೆ ಬಂದಳು.

"ಏನಕ್ಕ, ಯಾರಿಗ್ ಹೊಡಿಯಾಕೆ?"

"ನಿಂಗೇ. ಸರ್ಕೊ." ನಮ್ಮ ಬಾಗಿಲ ಹಿಂದೆ ಒಂದು ಮೊಳೆ ಹೊಡೆದು, ಪುಟ್ಟಿಯ ಶಾಲೆಯ ಬೆಲ್ಟನ್ನು ಅದಕ್ಕೆ ನೇತುಹಾಕಿದಳು. ಬಟ್ಟೆಯ ಸುರುಳಿಯನ್ನು ಕುರ್ಚಿಯ ಮೇಲೆ ಇಟ್ಟಳು. ತುರಿದ ಕಾಯಿಯ ಬಟ್ಟಲು ಮುಚ್ಚಿಟ್ಟಳು. ಆಮೇಲೆ ಹೊಸಿಲ ಮೇಲೆ ನಿಂತು, ಹುಡುಗಿ ಸಿನಿಮಾಕ್ಕೆ ಅಪ್ಪಣೆ ಕೇಳುವ ಹಾಗೆ ಹೇಳಿದಳು. "ನಾಳೆ ಒಂದಿನ ನೀನೇ ನೋಡ್ಕೊತೀಯಾ? ಬೆಳಕು ಹರಿಯೋ ಹೊತ್ತಿಗೆ ಬೋಳುಗುಡ್ಡ ಹತ್ಬೇಕು ಅಂತಿದೀನಿ. ಮದುವೆ ಆಗಿ ಬಂದಾಗಿಂದ ಈ ಗಿಡಗಳ ಒಳ್ಗೇ ನಿಂತಿದೀನಿ. ಹೂವು ಬಿಟ್ಟಾಗ ಮೇಲಿಂದ ಹೆಂಗ್ ಕಾಣ್ತದೆ ಅಂತ ಒಂದ್ಸಲನೂ ನೋಡಿಲ್ಲ ಕಣೇ."

"ಅಯ್ಯೋ, ಹೋಗಕ್ಕ. ಅದಕ್ಕೇನ್ ಕೇಳ್ತೀಯ."

ಬೆಳಿಗ್ಗೆ ಕಿಟಕಿಯಿಂದ ಹೂವಿನ ವಾಸನೆ ಒಳಗೆ ಬಂದು, ಹೊದಿಕೆಯ ಮೇಲೆ ಇನ್ನೊಂದು ಹೊದಿಕೆಯಂತೆ ಬಿದ್ದಿತ್ತು. ಆ ವಾಸನೆಯಲ್ಲಿ ಏಳಲು ಮನಸ್ಸೇ ಬರುವುದಿಲ್ಲ. ಪುಟ್ಟಿ ಬಂದು ಅಲುಗಿಸಿದಳು. "ಅಮ್ಮ, ಬೆಲ್ಟು! ವ್ಯಾನಿಗೆ ಹೊತ್ತಾಗ್ತೈತೆ!" ನಾನು ಮಲಗಿದಲ್ಲಿಂದಲೇ ಅಕ್ಕನಿಗೆ ಫೋನು ಹಚ್ಚಿದೆ. ಗುಡ್ಡದ ಮೇಲೆ ಸಿಗ್ನಲ್ ಚೆನ್ನಾಗಿರುತ್ತದೆ.

"ಅಕ್ಕ, ಬೆಲ್ಟು ಎಲ್ಲಿಟ್ಟಿದೀಯ?"

ಅವಳಿಗೆ ಏದುಸಿರು, ಇನ್ನೂ ಹತ್ತುತ್ತಿದ್ದಳು. "ಬಾಗ್ಲ ಹಿಂದೆ. ಮೊಳೇಲಿ."

"ಇಲ್ಲ ಅಲ್ಲಿ."

"ಸರ್ಯಾಗಿ ನೋಡು."

"ನೋಡ್ದೆ ಕಣಕ್ಕ, ಇಲ್ಲ. ಬೆಲ್ಟಿಲ್ದೆ ಹೋಗಲ್ಲ ಅಂತ ಅಳ್ತಾವಳೆ. ಜಡೆನೂ ಆಗಿಲ್ಲ."

ನಾನು ನೋಡಿರಲಿಲ್ಲ. ಬಾಗಿಲು ನಾನು ಮಲಗಿದ್ದ ಮಂಚದಿಂದ ನಾಲ್ಕು ಹೆಜ್ಜೆ.

ಅತ್ತ ಕಡೆ ಗಾಳಿ ಜೋರಾಗಿ ಬೀಸುತ್ತಿತ್ತು. "ಬಂದೆ" ಎಂದಳು.

ಸೀರೆಯ ಅಂಚೆಲ್ಲ ಇಬ್ಬನಿಯಲ್ಲಿ ತೊಯ್ದು ಅಕ್ಕ ಒಳಗೆ ಬಂದಾಗ ನಾನು ಎದ್ದು ತಲೆಗೂದಲು ಗಂಟು ಹಾಕುತ್ತಿದ್ದೆ. ಅವಳು ಬಾಗಿಲ ಹಿಂದೆ ಕೈ ಹಾಕಿ, ನೋಡದೆಯೇ, ಬೆಲ್ಟು ತೆಗೆದಳು. ನನ್ನ ಮುಖ ನೋಡಿದಳು. ಬೈಯಲಿಲ್ಲ. "ಬಾ ಪುಟ್ಟಿ" ಎಂದು ಮಗುವಿನ ಜಡೆಗೆ ಕೂತಳು. ಬಿಸಿಲು ಏರಿತ್ತು. "ನಾಳೆ ಹೋದ್ರಾಯ್ತು ಬುಡು" ಎಂದು ತನಗೇ ಹೇಳಿಕೊಂಡಳು. ಅಂದು ಮಧ್ಯಾಹ್ನ ಮಳೆ ಹೊಡೆಯಿತು. ಮಾರನೆಯ ದಿನಕ್ಕೆ ಹೂವು ಕಂದು ಬಣ್ಣದ ಮುದ್ದೆಯಾಗಿ ಕೊಂಬೆಗಳಿಗೆ ಅಂಟಿಕೊಂಡಿತ್ತು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನಿಗೆ ಹೊಟ್ಟೆಯಲ್ಲಿ ಗಂಟು ಎಂದು ತಿಳಿಯಿತು. ಹಾಸನದ ಆಸ್ಪತ್ರೆಯಲ್ಲಿ ನಾನೇ ಜೊತೆಗಿದ್ದೆ. ಮಧ್ಯಾಹ್ನ ವಾರ್ಡು ನಿಶ್ಶಬ್ದವಾದಾಗ ಅವಳು ಚಾವಣಿ ನೋಡುತ್ತ ಮಲಗಿರುವಳು. ಹೆಗಲ ಮೇಲೆ ಬಟ್ಟೆ ಇಲ್ಲದೆ ಬೇರೆ ಯಾರೋ ಅನ್ನಿಸುತ್ತಿದ್ದಳು. ಏನಾದರೂ ಸಮಾಧಾನ ಹೇಳಬೇಕೆಂದು, "ಈಗಾದ್ರೂ ಬೇಕಾದಷ್ಟು ಹೊತ್ತೈತೆ ನಿಂಗೆ, ಸುಮ್ನೆ ಮಲಕ್ಕೊ" ಎಂದೆ.

"ಇದು ನಾನು ಉಳ್ಸಿದ್ದಲ್ಲ ಕಣೇ" ಎಂದಳು.

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. "ಅಕ್ಕ, ಅವತ್ತು ಬೆಲ್ಟು ಮೊಳೇಲೇ ಇತ್ತು. ನಾನು ನೋಡೇ ಇರ್ನಿಲ್ಲ."

"ಗೊತ್ತು."

"ಹೆಂಗೆ?"

"ನಿನ್ ದನಿ ಮಲಗ್ಕೊಂಡಿತ್ತು."

"ಮತ್ಯಾಕ್ ಬಂದೆ? ಎದ್ದು ನೋಡೇ ಕತ್ತೆ ಅಂತ ಬೈದು ಫೋನ್ ಇಡಬೇಕಿತ್ತು."

ಅವಳು ಕಣ್ಣು ಮುಚ್ಚಿದಳು. ನಿದ್ದೆ ಹತ್ತಿತೇನೋ ಎಂದುಕೊಂಡೆ. ಆಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ನೀನು ಸುಳ್ಳು ಹೇಳಿದ್ಮೇಲೆ ಅಲ್ಲಿ ಕೂತ್ರೂ ನಿನ್ನೇ ನೆನೀತಿದ್ದೆ. ಆ ಹೊತ್ತು ನಂದಾಗಿರ್ತಿತ್ತಾ?"

ಅವಳು ಮೇಲಿಂದ ನೋಡದ ಆ ಹೂವು ಕಾಯಾಗಿ, ಹಣ್ಣಾಗಿ ಕೆಂಪಗೆ ಕೊಯ್ಲಿಗೆ ಬಂದಿದ್ದಾಗ ಅಕ್ಕ ಹೋದಳು.

ಮೊದಲ ಕೆಲವು ತಿಂಗಳು ನಮ್ಮ ಮನೆ ದಿಕ್ಕು ತಪ್ಪಿತು. ಆಮೇಲೆ ಒಂದೊಂದೇ ಕಲಿತೆ. ಈಗ ಸಂಜೆ ಬೆಳ್ಳುಳ್ಳಿ ಬಿಡಿಸಿಡುತ್ತೇನೆ, ಒಲೆ ಜೋಡಿಸಿಡುತ್ತೇನೆ, ಖಾಲಿಯಾದ ಡಬ್ಬಿ ಮುಂದಕ್ಕೆ ಬರುತ್ತದೆ. ಬೆಳಿಗ್ಗೆ ನನಗೂ ಹೊತ್ತು ಉಳಿಯುತ್ತದೆ. ಆದರೆ ಅದನ್ನು ಹಿಡಿದುಕೊಂಡು ಕೂರಲು ನನಗೆ ಬರುವುದಿಲ್ಲ. ಇನ್ನೊಬ್ಬರ ಮನೆಯ ಪಾತ್ರೆ ನಮ್ಮಲ್ಲಿ ಉಳಿದುಬಿಟ್ಟ ಹಾಗೆ ಅನ್ನಿಸುತ್ತದೆ.

ಮಗಳು ಈಗ ಹೈಸ್ಕೂಲು. ದೊಡ್ಡಮ್ಮನ ಮೊಣಕಾಲ ನಡುವೆ ನಿಂತು ಬೆಳೆದವಳು, ಎಲ್ಲ ಅವಳಂತೆಯೇ. ಮೊನ್ನೆ ಬೆಳಿಗ್ಗೆ ಬೇಗ ತಯಾರಾಗಿ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಕಾಲು ಚಾಚಿ, ಗಲ್ಲಕ್ಕೆ ಕೈ ಕೊಟ್ಟು, ಎಲ್ಲಿಗೋ ಹೋಗಿಬಿಟ್ಟಿದ್ದಳು. ಡೈರಿಗೆ ಹಾಲು ಹೋಗಬೇಕಿತ್ತು, ಹೊತ್ತಾಗುತ್ತಿತ್ತು. ಹೆಂಗೂ ಸುಮ್ನೆ ಕೂತಿದೀಯಲ್ಲ ಎಂಬ ಮಾತು ನನ್ನ ಬಾಯಿಗೆ ಬಂದೇಬಿಟ್ಟಿತ್ತು.

ಕ್ಯಾನು ನಾನೇ ಎತ್ತಿಕೊಂಡೆ. ಅವಳ ಮುಂದೆ ಹಾದುಹೋದರೆ ಎದ್ದು ಕ್ಯಾನಿಗೆ ಕೈ ಚಾಚುತ್ತಾಳೆ. ಅದಕ್ಕೇ ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲ ದಾರಿಯಲ್ಲಿ ಇಳಿದೆ. ಅದು ಸುತ್ತು ದಾರಿ, ಏರೂ ಇದೆ. ಹಾಲು ತುಳುಕದ ಹಾಗೆ ನಿಧಾನವಾಗಿ ನಡೆದೆ.