ಅಪ್ಪನ ಉಗುರು ಪರೀಕ್ಷೆ

ನಮ್ಮಪ್ಪ ನಂಬುತ್ತಿದ್ದದ್ದು ತನ್ನ ಹೆಬ್ಬೆರಳಿನ ಉಗುರನ್ನು ಮಾತ್ರ. ಬೆಸಗರಹಳ್ಳಿ ಪಕ್ಕದ ನಮ್ಮೂರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿ ಅಳೆದುಕೊಳ್ಳುವ ಕೆಲಸ ಅವನದು. ಯಂತ್ರ ಬಂದಮೇಲೂ ಮೊದಲು ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟುಕೊಂಡು ಓರೆ ಮಾಡುತ್ತಿದ್ದ. ಹನಿ ಬಿಳಿ ಗೆರೆ ಎಳೆಯುತ್ತ ನಿಧಾನವಾಗಿ ಜಾರಿದರೆ ಸರಿ. ನೀರು ಬೆರೆತು ಸರ್ರನೆ ಓಡಿದರೆ, ಕ್ಯಾನು ತಂದವರ ಮುಖವನ್ನು ಒಂದು ಸಲ ನೋಡುತ್ತಿದ್ದ, ಅಷ್ಟೆ. ಸ್ವಂತ ತಂಗಿಯ ಹಾಲಿಗೂ ರಿಯಾಯಿತಿ ಇರಲಿಲ್ಲ. ಆ ಸೋದರತ್ತೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದಳು.

ಮದ್ದೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನನಗೆ ಮಗಳು ಹುಟ್ಟಿದ ಬೆಳಿಗ್ಗೆ, ಮಗು ಬಂದ ಬೆನ್ನಿಗೇ ರಕ್ತ ಹೋಗತೊಡಗಿತು. ಡಾಕ್ಟರಮ್ಮ ಹರಸಾಹಸಪಟ್ಟು ನಿಲ್ಲಿಸಿದರು. ಮಂಡ್ಯದಿಂದ ರಕ್ತ ತರಲು ನನ್ನ ಗಂಡನನ್ನು ಓಡಿಸಿ, ಅಲ್ಲಿಯವರೆಗೆ ಸಲೈನ್ ಏರಿಸಿದರು. ಮಗು ಹೊರಗೆ ನನ್ನತ್ತೆಯ ಮಡಿಲಲ್ಲಿತ್ತು. ನನ್ನ ಪಕ್ಕದ ಸ್ಟೂಲಿನಲ್ಲಿ ಅಪ್ಪ ಕೂತ.

ಅವನ ಕಣ್ಣು ನನ್ನ ಮೇಲಿರಲಿಲ್ಲ, ಬಾಟಲಿಯ ಮೇಲಿತ್ತು. ಒಂದು ಖಾಲಿಯಾಯಿತು. ನರ್ಸ್ ಇನ್ನೊಂದು ನೇತುಹಾಕಿದಳು.

“ಏನವ್ವ ಇದು?”

“ಸಲೈನ್ ಕಣಣ್ಣ. ಉಪ್ಪುನೀರು.”

“ಉಪ್ಪಾಕ್ಬುಟ್ರೆ ನೀರು ರಕ್ತ ಆಯ್ತದಾ?”

ನರ್ಸ್ ನಕ್ಕಳು. ನಗಬಾರದಿತ್ತು. ಸ್ವಲ್ಪ ಹೊತ್ತಿಗೆ ರಕ್ತ ಪರೀಕ್ಷೆಯ ಹೊಸ ವರದಿ ಬಂತು. ಹಿಮೋಗ್ಲೋಬಿನ್ ಮೊದಲಿಗಿಂತ ಇಳಿದಿದೆ ಎಂದು ಅವಳೇ ಹೇಳಿದಳು.

“ಸೋರೋದು ನಿಂತದೆ ಅಂತೀರಿ, ಆದ್ರೂ ಇಳ್ದದೆ ಅಂತೀರಿ. ಎಂಗೆ?”

ಅವಳು ಡಾಕ್ಟರಿಗೆ ತೋರಿಸಬೇಕೆಂದು ಅವಸರದಲ್ಲಿ ಹೊರಟುಹೋದಳು. ಕೇಳಿದ್ದಕ್ಕೆ ಉತ್ತರ ಕೊಡದೆ ಹೋದವರೆಲ್ಲ ಅಪ್ಪನ ಲೆಕ್ಕದಲ್ಲಿ ನೀರು ಬೆರೆಸಿದವರೇ.

ಅಪ್ಪ ಬಾಗಿಲ ಕಡೆ ನೋಡಿದ. ಎದ್ದ. ಸಲೈನ್ ಕೊಳವೆಯ ಮೇಲಿನ ಪುಟ್ಟ ಗಾಲಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಉರುಳಿಸಿದ. ಹನಿ ನಿಂತಿತು. ನಾನು ಅರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ಬೇಡ ಅನ್ನಲು ನಾಲಗೆ ಏಳಲಿಲ್ಲ.

ಆಮೇಲೆ ಆದದ್ದು ನೋವಲ್ಲ. ಮೊದಲು ಪಾದಗಳು ನನ್ನವಲ್ಲ ಅನ್ನಿಸಿತು, ಆಮೇಲೆ ಮಂಡಿಗಳು. ಬಾಯಿ ಒಣಗಿತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಆದರೆ ಹೊಡೆದದ್ದು ಎಲ್ಲಿಗೂ ತಲುಪುತ್ತಿರಲಿಲ್ಲ. ಎಷ್ಟು ಉಸಿರೆಳೆದರೂ ಸಾಲದು. ಭಯಕ್ಕಿಂತ ಸಿಟ್ಟು ಹೆಚ್ಚಾಗಿತ್ತು. ಹೆತ್ತ ಅಪ್ಪ, ಅದೂ ಕದ್ದು!

ನರ್ಸಿನ ಜೊತೆ ಡಾಕ್ಟರಮ್ಮ ಬಂದವರೇ, ರಕ್ತ ಬೆರಳ ತುದಿಗೆ ಮುಟ್ಟುತ್ತಿದೆಯೇ ಎಂದು ನೋಡಲು ನನ್ನ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟರು. ಬೆಳ್ಳಗಾದ ಉಗುರು ಬೆಳ್ಳಗೇ ಉಳಿಯಿತು. ಕೊಳವೆಯನ್ನು ನೋಡಿ ಗಾಲಿಯನ್ನು ಪೂರ್ತಿ ಮೇಲಕ್ಕೆ ತಳ್ಳಿದರು.

“ಯಾರು ಮುಚ್ಚಿದ್ದು ಇದನ್ನ?”

ನರ್ಸ್ ಅಪ್ಪನನ್ನು ನೋಡಿದಳು. ಅಪ್ಪ ಫ್ಯಾನು ನೋಡಿದ. ನಾನು ಕಣ್ಣು ಮುಚ್ಚಿಕೊಂಡೆ.

ಒಪ್ಪಿಕೊಳ್ಳುವ ಬದಲು ಅಪ್ಪ ಜಗಳಕ್ಕೇ ನಿಂತ. “ನೀರಾಕಿ ನೀರಾಕಿ ರಕ್ತ ತೆಳ್ಳುಗ್ ಮಾಡ್ಬುಟ್ಟಿದೀರಿ. ಅದ್ಕೇ ಇಳ್ದಿರದು. ಇಲ್ಲ ಅನ್ನಿ ನೋಡವಾ ಡಾಕ್ಟ್ರಮ್ಮ.”

“ಇಲ್ಲ ಅನ್ನಲ್ಲ. ನಾವೇ ತೆಳ್ಳಗೆ ಮಾಡಿದ್ದು.”

ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ಅಪ್ಪ ಕಂಡಿರಲಿಲ್ಲ.

“ತುಂಬಾ ರಕ್ತ ಹೋಗಿದೆ ಯಜಮಾನ್ರೇ. ಉಳಿದಿರೋದು ಕೂದಲಿಗಿಂತ ಸಣ್ಣ ನಾಳಗಳ ತನಕ ಹರೀಬೇಕಲ್ಲ? ತೆಳ್ಳಗಾದ್ರೆ ಸುಲಭವಾಗಿ ಓಡುತ್ತೆ. ಕೆಂಪು ಕಣ ಕಮ್ಮಿ ಇದ್ರೂ ಬೇಗಬೇಗ ಸುತ್ತಿ ಸ್ವಲ್ಪ ಹೊತ್ತು ಉಸಿರು ಮುಟ್ಟಿಸುತ್ತೆ. ಹರಿಯೋದೇ ನಿಂತ್ರೆ ಎಷ್ಟು ಗಟ್ಟಿಯಿದ್ದು ಏನು? ಆದ್ರೆ ಅತಿಯಾಗಿ ತೆಳ್ಳಗಾದ್ರೆ ಓಡೋದು ಬರೀ ನೀರು. ನಿಮ್ಮ ಅನುಮಾನ ಅಲ್ಲಿಗೆ ಸರಿ. ಅದಕ್ಕೇ ಮಂಡ್ಯದಿಂದ ರಕ್ತ ತರಿಸ್ತಿರೋದು.”

ಮತ್ತೆ ಒತ್ತಿದರು. ಈ ಸಲ ಉಗುರಿಗೆ ತಡವಾಗಿಯಾದರೂ ನಸುಗೆಂಪು ಬಂತು. “ಬನ್ನಿ, ನೀವೇ ಒತ್ತಿ ನೋಡಿ.” ಅಪ್ಪ ಒತ್ತಿದ. ಕೆಂಪು ಬರುವವರೆಗೆ ಕಣ್ಣು ತೆಗೆಯಲಿಲ್ಲ. ಮಧ್ಯಾಹ್ನ ಗಂಡ ರಕ್ತ ತಂದಾಗ ಆ ಚೀಲವನ್ನೂ ಬೆಳಕಿಗೆ ಹಿಡಿದು ನೋಡಲು ಹೋಗಿ ನರ್ಸಿನಿಂದ ಬೈಸಿಕೊಂಡ.

ನಾನು ಬದುಕಿದೆ. ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅಪ್ಪ ಮಂಡ್ಯದ ನಮ್ಮ ಮನೆಗೆ ಹಾಲು ಹಿಡಿದುಕೊಂಡು ಬಂದಾಗಲೆಲ್ಲ ಮೊದಲು ನನ್ನ ಕೈ ಹಿಡಿಯುತ್ತಾನೆ. ಎಂಥಾ ಅಕ್ಕರೆ ಅನ್ನುತ್ತಾರೆ ಪಕ್ಕದ ಮನೆಯವರು. ಅವನು ಉಗುರು ಒತ್ತುತ್ತಿರುವುದು ಅವರಿಗೆ ಕಾಣುವುದಿಲ್ಲ. ನನಗೆ ಅದೂ ಅನುಮಾನವೇ. ನೋಡುತ್ತಿರುವುದು ನನ್ನ ರಕ್ತವನ್ನೋ, ಆ ದಿನ ಅವನು ಮಾಡಿದ್ದನ್ನು ನಾನು ಕಂಡೆನೋ ಇಲ್ಲವೋ ಎಂಬುದನ್ನೋ? ಮಗಳಿಗೆ ಜ್ವರ ಬಂದರೆ ಔಷಧಿಯ ಬಾಟಲಿಯನ್ನು ಅವನ ಕೈಗೆ ನಾನು ಕೊಡುತ್ತಿರಲಿಲ್ಲ. ಹೇಳಲು ಸಂಕಟವಾಗುತ್ತದೆ, ಆದರೆ ನನ್ನಪ್ಪನನ್ನು ನಾನು ನಂಬುತ್ತಿರಲಿಲ್ಲ.

ಮೊನ್ನೆ ಬಂದವನು ಎಂದಿನಂತೆ ಒತ್ತಿ, “ಬಂತು” ಅಂದ.

“ಇನ್ನೂ ಎಷ್ಟು ದಿನ ಒತ್ತೀಯಪ್ಪ? ನಾನು ಯಾವತ್ತೋ ಉಸಾರಾಗಿವ್ನಿ.”

ಅಪ್ಪ ತಲೆಯೆತ್ತಲಿಲ್ಲ. “ಅವತ್ತು ನೀನು ಕಣ್ಣು ಬುಟ್ಕಂಡೇ ಇದ್ದೆ ಕಣವ್ವ. ನಂಗೊತ್ತು. ಯಾವತ್ತು ಬಯ್ತಳೋ ಅಂತ ಕಾಯ್ತಾನೇ ಇವ್ನಿ. ಒಂದ್ಸಲ ಬಯ್ದುಬುಡು.”

ನನಗೆ ಅಳು ಬಂತು. “ನನ್ನ ಸಾಯ್ಸ್‌ಬುಡ್ತಿದ್ದೆ ಕಣಪ್ಪ,” ಅಂದೆ.

ಅಪ್ಪ ಹೌದೆಂದು ತಲೆಯಾಡಿಸಿದ. ಬೆರಳು ಮಾತ್ರ ಬಿಡಲಿಲ್ಲ.