ಹದಿನೇಳನೆಯ ಹೆಜ್ಜೆ

ನಮ್ಮ ದೊಡ್ಡಮ್ಮ ಕಾಲೇಜು ಲೈಬ್ರರಿಯಲ್ಲಿ ಪುಸ್ತಕಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸಿಕೊಂಡಿದ್ದವಳು. ಜೀವಮಾನದಲ್ಲಿ ಯಾರಿಗೂ ಒಂದೇಟು ಹಾಕಿದವಳಲ್ಲ. ಆದರೂ ದೊಣ್ಣೆವರಸೆಯ ಬಗ್ಗೆ ಅವಳಷ್ಟು ತಲೆ ಕೆಡಿಸಿಕೊಂಡವರನ್ನು ನಾನು ಕಂಡಿಲ್ಲ. ಮದುವೆಯ ಮಾತೆತ್ತಿದರೆ, "ಇದೊಂದು ಬರೆದು ಮುಗೀಲಿ" ಅನ್ನುತ್ತಿದ್ದಳಂತೆ. ಮುಗಿಯಲೇ ಇಲ್ಲ.

ಹರೆಯದಲ್ಲಿ ಒಂದು ವರ್ಷ ಪೂರ್ತಿ ಅವಳು ದೊಣ್ಣೆವರಸೆ ಕಲಿಸುವ ಮೇಷ್ಟರ ತಾಲೀಮು ಕೋಣೆಯಲ್ಲಿ ಗೋಡೆಗೊರಗಿ ಕೂತು, ಅವರ ಪಾದಗಳು ಎಲ್ಲೆಲ್ಲಿ ಬೀಳುತ್ತವೆಂದು ಗುರುತು ಹಾಕಿಕೊಂಡಳು. ಆಮೇಲೆ ವರ್ಗವಾಗಿ ದೂರ ಹೋದಳು. ಇಪ್ಪತ್ತೆರಡು ವರ್ಷದ ನಂತರ ವಾಪಸು ಬಂದಾಗ ಮೇಷ್ಟರ ಶಿಷ್ಯರು, ಶಿಷ್ಯರ ಶಿಷ್ಯರು, ಎಲ್ಲರೂ ವರಸೆಯ ಹದಿನೇಳನೆಯ ಹೆಜ್ಜೆಯಲ್ಲಿ ಎಡಕ್ಕೆ ಮೆಲ್ಲಗೆ ಸರಿಯುತ್ತಿದ್ದರು. ಎದುರಾಳಿಯಿಲ್ಲ, ಏಟಿಲ್ಲ, ಸುಮ್ಮನೆ ಸರಿಯುವುದು. ಸಮುದ್ರದಾಚೆಯ ನಾಡೊಂದರ ಕೋಲುಕಾಳಗದ ಹಳೆಯ ಚಿತ್ರದಲ್ಲೂ ಅಂಥದೇ ಹೆಜ್ಜೆ ಕಂಡಿತು. ಎರಡು ವಿದ್ಯೆಗೂ ತಾಯಿಬೇರು ಒಂದೇ ಎಂದು ದೊಡ್ಡಮ್ಮ ಅರವತ್ತು ಪುಟ ಬರೆದಳು. ಸಂಶೋಧನಾ ಪತ್ರಿಕೆಯೊಂದು ಒಪ್ಪಿತು. ಅವಳ ಹೆಸರು ಅಚ್ಚಾಗುವುದು ಅದೇ ಮೊದಲು. ವಾರವೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ.

ಸಂಪಾದಕರು ಮೊದಲ ಟಿಪ್ಪಣಿಯ ತಾರೀಖು ಕೇಳಿದರು. ಅಟ್ಟದಿಂದ ಹಳೆಯ ನೋಟ್‌ಬುಕ್ಕು ಇಳಿಸಿದವನು ನಾನೇ. ಮೊದಲ ದಿನದ ಗುರುತುಗಳಲ್ಲಿ ಆ ಹೆಜ್ಜೆಯೇ ಇರಲಿಲ್ಲ. ಮೂರನೆಯ ದಿನದ ಅಂಚಿನಲ್ಲಿ ಅವಳದೇ ಅಕ್ಷರ: "ಮೇಷ್ಟ್ರು ಕಿಟಕಿಗೆ ಅಡ್ಡ ಬರುತ್ತಾರೆ, ಹಾಳೆ ಕಾಣುವುದಿಲ್ಲ. ಸ್ವಲ್ಪ ಎಡಕ್ಕೆ ಸರಿಯಿರಿ ಎಂದೆ. ಸರಿದರು."

ದೊಡ್ಡಮ್ಮ ಆ ಸಾಲನ್ನು ಬೆರಳಿಟ್ಟು ಓದಿ, ನೋಟ್‌ಬುಕ್ಕು ಮುಚ್ಚಿದಳು.

"ನೀನು, ನಾನು ಬಿಟ್ರೆ ಯಾರಿಗೂ ಗೊತ್ತಿಲ್ಲ. ಸುಮ್ನಿದ್ಬಿಡು" ಅಂದೆ.

"ಮೇಷ್ಟ್ರಿಗೆ ಗೊತ್ತಲ್ಲಪ್ಪ" ಅಂದಳು.

ಮರುದಿನ ಮಧ್ಯಾಹ್ನ ಇಬ್ಬರೂ ಹೋದೆವು. ಕೋಣೆ ಹಾಗೇ ಇತ್ತು, ನೀರಿನೊಳಗಿನ ಮನೆಯ ಹಾಗೆ ನಿಶ್ಶಬ್ದ. ಕಿಟಕಿಯ ಬಿಸಿಲಲ್ಲಿ ಧೂಳು ತೇಲುತ್ತಿತ್ತು. ಮೇಷ್ಟರಿಗೆ ಈಗ ಕೋಲು ಊರಿಕೊಂಡು ನಡೆಯುವ ವಯಸ್ಸು.

"ನಾನು ಅವತ್ತೊಂದಿನಕ್ಕೆ ಸರೀರಿ ಅಂದಿದ್ದು. ಹೋದ್ಮೇಲೂ ಯಾಕೆ ಬಿಡ್ಲಿಲ್ಲ ನೀವು?" ದೊಡ್ಡಮ್ಮ ಜಗಳಕ್ಕೆ ನಿಂತವಳಂತೆ ಕೇಳಿದಳು. "ನನ್ನ ಅರವತ್ತು ಪುಟ ಹಾಳಾಯ್ತು."

ಮೇಷ್ಟ್ರು ಗೋಡೆಯ ಬುಡ ನೋಡಿದರು. ಅವಳು ಕೂರುತ್ತಿದ್ದ ಜಾಗ ಅದು.

"ಬಿಡೋಣ ಅಂತಾನೇ ಇದ್ದೆ ಮೇಡಂ. ಆ ಹೆಜ್ಜೆಗೆ ಬಂದಾಗೆಲ್ಲ ನೀವು ಇಲ್ಲೇ ಕೂತು ಬರೀತಿದ್ದೀರ ಅನ್ಸೋದು. ನಿಮ್ಮ ಹಾಳೆಗೆ ಕತ್ತಲೆ ಮಾಡೋಕೆ ಮನಸ್ಸು ಬರ್ಲಿಲ್ಲ. ಹುಡುಗ್ರು ನನ್ನ ನೋಡಿ ಕಲಿತ್ರು."

ದೊಡ್ಡಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು, ಒಂದಲ್ಲ, ಮೂರು ಸಲ.

ಅರವತ್ತು ಪುಟವನ್ನು ಅವಳೇ ವಾಪಸು ತರಿಸಿಕೊಂಡಳು. ಮುಂದಿನ ಸಂಚಿಕೆಯಲ್ಲಿ ಅವಳ ಹೆಸರಿನ ಕೆಳಗೆ ಅಚ್ಚಾದದ್ದು ಅರ್ಧ ಪುಟ. ಅದರ ಕೊನೆಯ ಸಾಲು ನನಗೆ ಬಾಯಿಪಾಠ: "ಹದಿನೇಳನೆಯ ಹೆಜ್ಜೆ ಪ್ರಾಚೀನವಲ್ಲ, ಬರೆಯುವವಳ ಹಾಳೆಗೆ ಬೆಳಕು ಬೀಳಲೆಂದು ಗುರುಗಳು ಸೇರಿಸಿದ್ದು, ಇದನ್ನು ಕೈಬಿಡಬಾರದೆಂದು ಲೇಖಕಿಯ ಕೋರಿಕೆ."